ಗಾಲ್ಫ್ ಕ್ಲಬ್ಬಿಗೆ ಹೊಸ ಗ್ರಿಪ್

ಗಾಲ್ಫ್ ಕ್ಲಬ್ಬಿನಲ್ಲಿ ಆಟಗಾರನ ಕೈ ತಾಗುವುದು ಒಂದೇ ಕಡೆ, ಶಾಫ್ಟಿನ ಮೇಲ್ತುದಿಗೆ ತೊಡಿಸಿರುವ ಸುಮಾರು ಹತ್ತೂವರೆ ಇಂಚು ಉದ್ದದ ಗ್ರಿಪ್ಪಿಗೆ. ಬೆವರು, ಬಿಸಿಲು, ಅಂಗೈಯ ಜಿಡ್ಡು ಸೇರಿ ಅದರ ರಬ್ಬರ್ ಬರಬರುತ್ತಾ ಗಡುಸಾಗುತ್ತದೆ. ಹೆಬ್ಬೆರಳು ಕೂರುವ ಜಾಗ ಮೊದಲು ಹೊಳೆಯತೊಡಗುತ್ತದೆ. ಸೋಪಿನ ನೀರಿನಲ್ಲಿ ಉಜ್ಜಿ ತೊಳೆದರೂ ಆ ಹೊಳಪು ಹೋಗದಿದ್ದರೆ ಗ್ರಿಪ್ ಬದಲಿಸುವ ಕಾಲ ಬಂದಿದೆ. ಜಾರುವ ಗ್ರಿಪ್ಪನ್ನು ಆಟಗಾರ ತನಗರಿವಿಲ್ಲದೆಯೇ ಬಿಗಿಯಾಗಿ ಹಿಡಿಯುತ್ತಾನೆ; ಮುಂಗೈ ಬಿಗಿದು ಮಣಿಕಟ್ಟು ಸರಾಗವಾಗಿ ತಿರುಗುವುದಿಲ್ಲ. ವಾರಕ್ಕೊಮ್ಮೆಯಾದರೂ ಆಡುವವರು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ.

ಅಂಗಡಿಯಲ್ಲಿ ಕಣ್ಣು ಬಣ್ಣದ ಕಡೆಗೇ ಹೋಗುತ್ತದೆ. ಆದರೆ ಮೊದಲು ನೋಡಬೇಕಾದದ್ದು ದಪ್ಪ. ಸ್ಟ್ಯಾಂಡರ್ಡ್ ಗ್ರಿಪ್ಪಿಗಿಂತ ಮಿಡ್‌ಸೈಜ್ 1/16 ಇಂಚು, ಜಂಬೊ 1/8 ಇಂಚು ದಪ್ಪ. ಕೇಳಲು ಅತ್ಯಲ್ಪ, ಬೆರಳಿಗೆ ಮಾತ್ರ ಕೂಡಲೇ ಗೊತ್ತಾಗುತ್ತದೆ. ಬಲಗೈ ಆಟಗಾರ ಎಡಗೈಗೆ ಗ್ಲವ್ ಹಾಕಿ ಹಿಡಿದಾಗ ನಡುಬೆರಳು, ಉಂಗುರಬೆರಳುಗಳ ತುದಿ ಹೆಬ್ಬೆರಳಿನ ಬುಡದ ಉಬ್ಬನ್ನು ಹಗುರವಾಗಿ ಮುಟ್ಟಿದರೆ ಅಳತೆ ಸರಿ. ಬೆರಳ ತುದಿ ಅಂಗೈಗೆ ಒತ್ತಿದರೆ ಗ್ರಿಪ್ ತೆಳು. ನಡುವೆ ಸಂದು ಉಳಿದರೆ ದಪ್ಪ. ತೆಳು ಗ್ರಿಪ್ಪಿನಿಂದ ಚೆಂಡು ಎಡಕ್ಕೂ ದಪ್ಪ ಗ್ರಿಪ್ಪಿನಿಂದ ಬಲಕ್ಕೂ ಹೋಗುತ್ತದೆಂಬ ಮಾತು ಹಳೆಯದು, ಎಲ್ಲರ ಕೈಯಲ್ಲೂ ಹಾಗಾಗುವುದಿಲ್ಲ. ಹಾಗಾಗಿ ಒಂದೇ ಕ್ಲಬ್ಬಿಗೆ ಹಾಕಿಸಿ, ಹೊಡೆದು ನೋಡಿ, ಆಮೇಲೆ ಇಡೀ ಸೆಟ್ಟಿಗೆ ಕೊಳ್ಳುವುದು ಜಾಣತನ. ಗಂಟುನೋವಿರುವವರಿಗೆ ದಪ್ಪನೆಯ, ಮೆತ್ತನೆಯ ಗ್ರಿಪ್ ಹಿತ.

ಗ್ರಿಪ್ಪಿನ ಬಾಯಂಚಿನಲ್ಲಿ ಸಾಮಾನ್ಯವಾಗಿ 58 ಅಥವಾ 60 ಎಂಬ ಅಂಕಿ ಇರುತ್ತದೆ. ಅದು ಒಳವ್ಯಾಸ: 0.58 ಅಥವಾ 0.60 ಇಂಚು. ಶಾಫ್ಟಿನ ಮೇಲ್ತುದಿಯ ವ್ಯಾಸಕ್ಕೆ ಇದು ಹೊಂದಬೇಕು. 58ರ ಗ್ರಿಪ್ಪನ್ನು 0.60 ಇಂಚಿನ ಶಾಫ್ಟಿಗೆ ಏರಿಸಿದರೆ ರಬ್ಬರ್ ಹಿಗ್ಗಿ ಹಿಡಿ ದಪ್ಪವಾಗುತ್ತದೆ.

ಕಾರ್ಡ್ ಗ್ರಿಪ್ಪಿನ ರಬ್ಬರಿನಲ್ಲಿ ಹತ್ತಿಯ ಎಳೆಗಳು ಸೇರಿರುತ್ತವೆ. ಮಂಗಳೂರಿನಂಥ ಕರಾವಳಿಯ ಸೆಕೆಯಲ್ಲಿ, ಕೊಡಗಿನ ಮಳೆಯಲ್ಲಿ ಆಡುವವರಿಗೆ ಅದು ತಕ್ಕದ್ದು. ಬರಿಗೈಗೆ ಮಾತ್ರ ಒರಟು. ತೂಕವನ್ನೂ ಗಮನಿಸಬೇಕು. ಸಾಮಾನ್ಯ ಗ್ರಿಪ್ ಸುಮಾರು 50 ಗ್ರಾಂ. ಅದಕ್ಕಿಂತ ಬಹಳ ಭಾರದ್ದು ಹಾಕಿದರೆ ಕ್ಲಬ್ಬಿನ ತಲೆ ಹಗುರವೆನಿಸುತ್ತದೆ. ಇನ್ನು ನಿಯಮದ ಪ್ರಕಾರ ಗ್ರಿಪ್ ದುಂಡಗಿರಬೇಕು, ಉದ್ದಕ್ಕೂ ನೇರವಾಗಿ ಸಾಗುವ ಸಣ್ಣ ಉಬ್ಬುಗೆರೆಯೊಂದಕ್ಕೆ ಅವಕಾಶವಿದೆ. ಚಪ್ಪಟೆ ಮುಖ ಇರಬಹುದಾದದ್ದು ಪಟ್ಟರಿಗೆ ಮಾತ್ರ.

ಹಾಕುವ ಕೆಲಸ ಮನೆಯಲ್ಲೇ ಆಗುವಂಥದ್ದು. ಹಳೆಯ ಗ್ರಿಪ್ಪನ್ನು ಕೊಕ್ಕೆಯಾಕಾರದ ಬ್ಲೇಡಿನಿಂದ, ಮೈಯಿಂದ ಆಚೆಗೆ ಎಳೆಯುತ್ತಾ ಉದ್ದಕ್ಕೆ ಸೀಳಬೇಕು. ಗ್ರಾಫೈಟ್ ಶಾಫ್ಟಿನಲ್ಲಿ ವಿಶೇಷ ಎಚ್ಚರ ಬೇಕು: ನೇರ ಬ್ಲೇಡ್ ಆಳಕ್ಕಿಳಿದು ಎಳೆಗಳನ್ನು ಕತ್ತರಿಸಿದರೆ ಶಾಫ್ಟ್ ಮುಂದೆ ಅಲ್ಲೇ ಮುರಿಯಬಹುದು. ಹಳೆಯ ಟೇಪನ್ನು ಹೇರ್ ಡ್ರೈಯರಿನ ಬಿಸಿಗೆ ಮೆತ್ತಗಾಗಿಸಿ ಕೀಳಬೇಕು. ಉಳಿದ ಅಂಟನ್ನು ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನಿನಿಂದ ಒರೆಸಬೇಕು. ಅದು ಬೇಗ ಹೊತ್ತಿಕೊಳ್ಳುತ್ತದೆ. ಒರೆಸುವಾಗ ಡ್ರೈಯರ್ ಆರಿಸಿರಬೇಕು, ಕಿಟಕಿ ತೆರೆದಿರಬೇಕು.

ನಂತರ ಶಾಫ್ಟಿಗೆ ಡಬಲ್ ಸೈಡ್ ಟೇಪ್ ಸುತ್ತಿ, ತುದಿಯಲ್ಲಿ ಅರ್ಧ ಇಂಚು ಹೆಚ್ಚಿಗೆ ಬಿಟ್ಟು ಕೊಳವೆಯ ಒಳಕ್ಕೆ ಮಡಚಬೇಕು. ಹಿಡಿ ಸ್ವಲ್ಪ ದಪ್ಪ ಬೇಕಿದ್ದರೆ ಇನ್ನೂ ಒಂದೆರಡು ಸುತ್ತು ಹಾಕಬಹುದು. ಹೊಸ ಗ್ರಿಪ್ಪಿನ ತಲೆಯಲ್ಲಿರುವ ರಂಧ್ರಕ್ಕೆ ಒಂದು ಟೀ ಸಿಕ್ಕಿಸಿ, ಒಳಗೆ ಟರ್ಪೆಂಟೈನ್ ಸುರಿದು ಕುಲುಕಿ, ಅದನ್ನೇ ಟೇಪಿನ ಮೇಲೆ ಹರಿಸಬೇಕು. ಟೇಪ್ ಒದ್ದೆಯಾದ ಕೂಡಲೇ ಗ್ರಿಪ್ಪನ್ನು ಒಂದೇ ಉಸಿರಿಗೆ ತುದಿ ಮುಟ್ಟುವವರೆಗೆ ತಳ್ಳಬೇಕು. ಮಧ್ಯೆ ತಡೆದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಟು ಹಿಡಿಯುವುದಕ್ಕೆ ಮುಂಚಿನ ಒಂದೆರಡು ನಿಮಿಷದಲ್ಲಿ ಕ್ಲಬ್ಬನ್ನು ನೆಲಕ್ಕಿಟ್ಟು, ಅದರ ಮುಖ ನೇರವಿರುವಾಗ ಗ್ರಿಪ್ಪಿನ ಗುರುತೂ ನೇರವಿದೆಯೇ ಎಂದು ಮೇಲಿಂದ ನೋಡಿ ತಿರುಗಿಸಿಕೊಳ್ಳಬೇಕು. ಉಬ್ಬುಗೆರೆಯಿರುವ ಗ್ರಿಪ್ಪಾದರೆ ಆ ಗೆರೆ ಕೆಳಬದಿಗೆ ಬರಬೇಕು. ಒಂದು ರಾತ್ರಿ ಒಣಗಿದ ಮೇಲೆ ಕ್ಲಬ್ ಆಟಕ್ಕೆ ಸಿದ್ಧ.