ಕಣ್ಣು ಉಣ್ಣುವ ಬಣ್ಣ

ನಮ್ಮ ಚಚಡಿ ಊರಿನ ಕಡೆ ಬೆಳಗಿನ ನಾಷ್ಟಾ ಅಂದರೆ ಅವಲಕ್ಕಿ, ಸುಸಲಾ, ಉಪ್ಪಿಟ್ಟು. ಹೊಲಕ್ಕೆ ಹೊರಟವರಿಗೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಹಳದಿ ಬೇಕೆಂದರೆ ಚಿಟಿಕೆ ಅರಿಸಿನ ಸಾಕು. ಹಾಲಿಗೆ ಸುರುವಿಕೊಳ್ಳುವ ಡಬ್ಬಿಯ ಸೀರಿಯಲ್ಲಿಗೆ ಮಾತ್ರ ಕಾರ್ಖಾನೆಯ ಬಣ್ಣ.

ಆ ಬಣ್ಣಕ್ಕೆ ದೇಶಕ್ಕೊಂದು ಹೆಸರು. ಟಾರ್ಟ್ರಜೀನ್ ಎಂಬ ಹಳದಿ ಬಣ್ಣ ಅಮೆರಿಕದಲ್ಲಿ ‘ಯೆಲ್ಲೊ 5’, ಯುರೋಪಿನಲ್ಲಿ ‘ಇ 102’, ನಮ್ಮ ಪೊಟ್ಟಣದ ಹಿಂದೆ ‘ಐಎನ್‌ಎಸ್ 102’. ಕಟ್ಟಳೆಯೂ ಹಾಗೇ. ಇದನ್ನೋ ಇಂಥ ಇನ್ನೈದು ಬಣ್ಣಗಳಲ್ಲಿ ಒಂದನ್ನೋ ಬಳಸಿದರೆ, ಮಕ್ಕಳ ಗಮನ ಮತ್ತು ಚಟುವಟಿಕೆಗೆ ತೊಂದರೆಯಾಗಬಹುದು ಎಂದು ಪೊಟ್ಟಣದ ಮೇಲೆಯೇ ಬರೆಯಬೇಕೆಂಬುದು 2010ರ ಜುಲೈನಿಂದ ಯುರೋಪಿನ ನಿಯಮ. ತನ್ನ ಮಾಲಿಗೆ ತಾನೇ ಹಾಗೆ ಬರೆದುಕೊಳ್ಳುವವರು ಯಾರು? ಬಹಳ ಕಂಪನಿಗಳು ಬಣ್ಣವನ್ನೇ ಬಿಟ್ಟವು. ಅಮೆರಿಕ ‘ರೆಡ್ 3’ ಬಣ್ಣವನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದು 1990ರಲ್ಲಿ. ಆಹಾರದಲ್ಲಿ ನಿಷೇಧಿಸಿದ್ದು 2025ರ ಜನವರಿಯಲ್ಲಿ. ತುಟಿಗೆ ಬೇಡವಾದದ್ದು ಹೊಟ್ಟೆಗೆ 35 ವರ್ಷ ನಡೆಯಿತು! ನಮ್ಮಲ್ಲಿ ಅದು ಎರಿತ್ರೋಸಿನ್ ಎಂಬ ಹೆಸರಿನಲ್ಲಿ ಒಪ್ಪಿತ ಬಣ್ಣಗಳ ಪಟ್ಟಿಯಲ್ಲಿದೆ.

ನಮ್ಮ ಕಾನೂನು ಯಾವ ಬಣ್ಣ, ಯಾವ ತಿನಿಸಿಗೆ, ಎಷ್ಟು ಎಂದು ಕೇಳುತ್ತದೆ. ಟಾರ್ಟ್ರಜೀನ್ ಮಿಠಾಯಿಗೆ ಕಿಲೋಕ್ಕೆ 100 ಮಿಲಿಗ್ರಾಂವರೆಗೆ ಸಲ್ಲುತ್ತದೆ, ಗೋಬಿ ಮಂಚೂರಿಗೆ ಸಲ್ಲದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪರೀಕ್ಷೆ ಮಾಡಿಸಿದಾಗ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂತು. ಬೊಂಬಾಯಿ ಮಿಠಾಯಿಯಲ್ಲಂತೂ ರೋಡಮೈನ್-ಬಿ ಸಿಕ್ಕಿತು. ಅದು ಬಟ್ಟೆಗೆ ಹಾಕುವ ಬಣ್ಣ. ತಿನ್ನುವ ಯಾವುದಕ್ಕೂ ಹಾಕುವಂತಿಲ್ಲ.

ಆದರೂ ತಪ್ಪೆಲ್ಲ ಮಾರುವವನದೇ ಎನ್ನಲು ನನಗೆ ಮನಸ್ಸಿಲ್ಲ. ಜನರಲ್ ಮಿಲ್ಸ್ ಕಂಪನಿ 2016ರಲ್ಲಿ ತನ್ನ ‘ಟ್ರಿಕ್ಸ್’ ಸೀರಿಯಲ್ಲಿನಿಂದ ಕೃತಕ ಬಣ್ಣ ತೆಗೆಯಿತು. ಮಂಕಾಗಿದೆ ಎಂದು ಗಿರಾಕಿಗಳು ಗೊಣಗಿದರು. 2017ರಲ್ಲಿ ಹಳೆಯ ಬಣ್ಣದ ಟ್ರಿಕ್ಸ್ ಅಂಗಡಿಗೆ ವಾಪಸ್ಸಾಯಿತು. ಕಾನೂನು ಯಾರನ್ನೂ ಒತ್ತಾಯಿಸಿರಲಿಲ್ಲ.

ನಮ್ಮ ಕಬ್ಬಿನ ಸೀಮೆಯಲ್ಲಿ ಇದೇ ಕತೆ ಬೆಲ್ಲದ್ದು. ಕುದಿಯುವ ಕಬ್ಬಿನ ಹಾಲಿನ ಕೊಳೆ ಎತ್ತಲು ಬೆಂಡಿ ಗಿಡದ ಲೋಳೆ ಸಾಕಾಗುತ್ತಿತ್ತು. ಈಗ ಬಿಳುಪಿಗೆಂದು ಹೈಡ್ರೋಸ್ ಎಂಬ ರಾಸಾಯನಿಕದ ಪುಡಿ ಬೀಳುತ್ತದೆ. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಕಿಲೋಕ್ಕೆ 70 ಮಿಲಿಗ್ರಾಂ ದಾಟಬಾರದು ಎಂದು ನಿಯಮವಿದೆ. ಸಂತೆಯಲ್ಲಿ ಅದನ್ನು ಅಳೆಯುವವರಿಲ್ಲ. ಕರಿ ಬೆಲ್ಲದ ಪೆಂಟಿ ಕಂಡ ಗಿರಾಕಿ ‘ಬಿಳಿದು ಇಲ್ಲೇನ್ರೀ?’ ಎಂದು ಕೇಳಿ ಮುಂದಿನ ಅಂಗಡಿಗೆ ನಡೆಯುತ್ತಾನೆ.