ಮೊದಲು ಬಣ್ಣ ಬಿಡೋಣ

ಸಿಡ್ನಿಯ ಪಶ್ಚಿಮಕ್ಕಿರುವ ಕ್ವೇಕರ್ಸ್ ಹಿಲ್‌ನ ಕನ್ನಡ ಕುಟುಂಬವೊಂದು ಕೃತಕ ಪದಾರ್ಥಗಳನ್ನು ದೂರವಿಡಬೇಕೆಂದರೆ ಮೊದಲು ಬಿಡಬೇಕಾದದ್ದು ಬಣ್ಣ. ಆಸ್ಟ್ರೇಲಿಯಾದ ಪೊಟ್ಟಣಗಳ ಮೇಲೆ 102 ಎಂದಿದ್ದರೆ ಟಾರ್ಟ್ರಜೀನ್, 110 ಎಂದರೆ ಸನ್‌ಸೆಟ್ ಯೆಲ್ಲೊ. 2007ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 300 ಮಕ್ಕಳಿಗೆ ಇಂಥ ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿದ ಪಾನೀಯ ಕೊಟ್ಟು ನೋಡಿದಾಗ, ಸರಾಸರಿಯಲ್ಲಿ ಅವರ ಚಡಪಡಿಕೆ ತುಸು ಹೆಚ್ಚಿತ್ತು. ಐರೋಪ್ಯ ಒಕ್ಕೂಟ 2010ರಲ್ಲಿ ಆರು ಬಣ್ಣಗಳಿಗೆ ಎಚ್ಚರಿಕೆಯ ಬರಹ ಕಡ್ಡಾಯ ಮಾಡಿತು. ಆಸ್ಟ್ರೇಲಿಯಾ ಮಾಡಲಿಲ್ಲ, ಅಲ್ಲಿ ಓದಿ ಆರಿಸುವ ಹೊಣೆ ಕೊಳ್ಳುವವರದೇ. ಪರಿಣಾಮ ಚಿಕ್ಕದು, ಎಲ್ಲ ಮಕ್ಕಳಲ್ಲೂ ಕಾಣುವುದಿಲ್ಲ, ಸರ್ಕಾರವೇ ಒಪ್ಪಿದ ಬಣ್ಣಕ್ಕೆ ಹೆದರುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಣ್ಣದಿಂದ ರುಚಿಯೂ ಇಲ್ಲ, ಪೋಷಣೆಯೂ ಇಲ್ಲ. ಬಿಟ್ಟರೆ ನಷ್ಟವಿಲ್ಲದ ವಸ್ತುವಿಗಾಗಿ ಮಗುವಿನ ವಿಷಯದಲ್ಲಿ ಸಣ್ಣ ಅಪಾಯವನ್ನಾದರೂ ಏಕೆ ಹೊರಬೇಕು? ಕರ್ನಾಟಕವೂ 2024ರಲ್ಲಿ ಗೋಬಿ ಮಂಚೂರಿ, ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು.

ಕೇಸರಿಬಾತಿಗೆ ಅಸಲಿ ಕೇಸರಿ ದುಬಾರಿ, ನಿಜ. ಚಿಟಿಕೆ ಅರಿಸಿನ ಸಾಕು, ತುಪ್ಪದಲ್ಲಿ ಹದವಾಗಿ ಹುರಿದ ರವೆಗಾದರೆ ಅದೂ ಬೇಡ. ಹಾಗೆಂದು ನೈಸರ್ಗಿಕವೆಲ್ಲ ನಿರಪಾಯವಲ್ಲ. ಅನಾಟೊ ಬೀಜದ ಬಣ್ಣ 160ಬಿ ಕೆಲವರಿಗೆ ಒಗ್ಗುವುದಿಲ್ಲ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಬಿಸ್ಕತ್ತಿನ ಬದಲು ಬೆಲ್ಲದುಂಡೆ ಕೊಟ್ಟು ನಿಶ್ಚಿಂತರಾಗುವಂತಿಲ್ಲ. ಶಾಲೆಯ ಡಬ್ಬಿಗೆ ಹಣ್ಣು, ಹುರಿಗಡಲೆ, ರಾಗಿರೊಟ್ಟಿ ಹಾಕಿದಾಗ ಬಣ್ಣದ ಜೊತೆ ಹೆಚ್ಚುವರಿ ಸಕ್ಕರೆಯೂ ತಪ್ಪುತ್ತದೆ. ಹುಟ್ಟುಹಬ್ಬದ ಮನೆಯಲ್ಲಿ ಒಂದು ದಿನ ಬಣ್ಣದ ಕೇಕ್ ತಿಂದ ಮಗುವನ್ನು ಗದರಬೇಕಿಲ್ಲ. ನೋಡಿಕೊಳ್ಳಬೇಕಾದದ್ದು ದಿನದಿನದ ಊಟವನ್ನು.