ಮೂಗಿನ ಮೇಲಿನ ಬೆರಳು

ನಮ್ಮೂರು ಬಾಳೆಹೊಸೂರಿನ ಕಟ್ಟೆಯ ಮೇಲೆ ಯಾರಾದರೂ ನಂಬಲಾಗದ ಸುದ್ದಿ ತಂದರೆ ಅಜ್ಜಿಯರ ಬೆರಳು ಮೂಗಿಗೆ ಹೋಗುತ್ತದೆ. 'ಯವ್ವ, ನನ್ನವ್ವ!' ಎಂಬ ಉದ್ಗಾರ ಅದರ ಹಿಂದೆಯೇ. ನಮಗೆ ಮೂಗಿನ ಮೇಲೆ ಬೆರಳೆಂದರೆ ಬೆರಗು. ಚೀನಾದಲ್ಲಿ ಮೂಗಿನತ್ತ ತಿರುಗಿದ ಬೆರಳಿಗೆ 'ನಾನು' ಎಂಬ ಅರ್ಥ. ನಾವು ಎದೆ ಮುಟ್ಟಿ 'ನಾ' ಅನ್ನುವ ಕಡೆ ಅವರು ಮೂಗು ತೋರಿಸುತ್ತಾರೆ. ಇಷ್ಟು ಸಣ್ಣ ಸನ್ನೆಯಿಂದ ಒಂದು ಅಕ್ಷರದ ಹಣೆಬರಹವೇ ಬದಲಾಯಿತು.

ಚೀನಾದ ಔಷಧಿ ಅಂಗಡಿಗಳಲ್ಲಿ 'ಡ್ರ್ಯಾಗನ್ ಮೂಳೆ' ಎಂದು ಮಾರುತ್ತಿದ್ದ ತುಂಡುಗಳ ಮೇಲಿನ ಗೀರುಗಳು ಪ್ರಾಚೀನ ಬರಹವೆಂದು 1899ರಲ್ಲಿ ವಾಂಗ್ ಯಿರೊಂಗ್ ಎಂಬ ವಿದ್ವಾಂಸರು ಗುರುತಿಸಿದರು. ಸುಮಾರು 3200 ವರ್ಷಗಳ ಹಿಂದೆ ಶಾಂಗ್ ಅರಸರು ಭವಿಷ್ಯ ಕೇಳಲು ಎತ್ತಿನ ಹೆಗಲ ಮೂಳೆ, ಆಮೆಯ ಚಿಪ್ಪುಗಳ ಮೇಲೆ ಕೊರೆಸಿದ ಬರಹ ಅದು. ಅದರಲ್ಲೊಂದು ಮೂಗಿನ ಚಿತ್ರ: ನಡುವೆ ದಿಂಡು, ಕೆಳಗೆ ಎರಡೂ ಬದಿಗೆ ಹೊರಳಿದ ಹೊಳ್ಳೆ. ಕಾಲ ಸರಿದಂತೆ ಬಾಗು ಗೆರೆಗಳೆಲ್ಲ ನೆಟ್ಟಗಾದವು. ಈಗ ಅದು ಎರಡು ಅಡ್ಡಪಟ್ಟಿಯ ಕಿಟಕಿಯ ನೆತ್ತಿಗೆ ಓರೆ ಗೀಟು ಇಟ್ಟಂತೆ ಕಾಣುತ್ತದೆ.

ಓದುವುದು ಸುಮಾರು 'ತ್ಸ' ಎಂದು. ಅರ್ಥ ಮಾತ್ರ ಇವತ್ತು ಮೂಗಲ್ಲ, 'ತಾನು'. ಮೂಗು ತೋರಿಸಿ ನಾನು ಅನ್ನುವ ರೂಢಿಯೇ ಇದಕ್ಕೆ ಪಂಡಿತರು ಕೊಡುವ ಕಾರಣ. ಚೀನೀ ಭಾಷೆಯಲ್ಲಿ ಸೈಕಲ್ಲು 'ತಾನೇ ನಡೆವ ಬಂಡಿ', ನಳದ ನೀರು 'ತಾನಾಗಿ ಬರುವ ನೀರು'. ಎರಡರ ಮೊದಲಿಗೂ ಆ ಹಳೆಯ ಮೂಗೇ ಕುಳಿತಿದೆ.

ಹಾಗಾದರೆ ಮುಖದ ಮೂಗನ್ನು ಬರೆಯುವುದು ಹೇಗೆ? ಅದೇ ಚಿತ್ರದ ಕೆಳಗೆ 'ಬೀ' ಎಂದು ಓದುವ ಇನ್ನೊಂದು ಅಕ್ಷರ ಸೇರಿಸಿದರು. ಅದರ ಸ್ವಂತ ಅರ್ಥ 'ಕೊಡು'. ಇಲ್ಲಿ ಆ ಅರ್ಥಕ್ಕೆ ಕೆಲಸವಿಲ್ಲ, ದನಿಯಷ್ಟೇ ಬೇಕು. ಮೂಗಿಗೂ ಅಲ್ಲಿ 'ಬೀ' ಎನ್ನುತ್ತಾರೆ. ಚೀನೀ ಲಿಪಿಯೆಂದರೆ ಬರೀ ಚಿತ್ರಗಳೆಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ, ಅದು ತಪ್ಪು. ಅದರ ಬಹುಪಾಲು ಅಕ್ಷರಗಳಲ್ಲಿ ಅರ್ಥಕ್ಕೊಂದು ತುಂಡು, ದನಿಗೊಂದು ತುಂಡು. ಇತ್ತ ನಮ್ಮ ಪಕ್ಕದ ಲಕ್ಷ್ಮೇಶ್ವರ, 941ರಲ್ಲಿ ಪಂಪ ತಿರುಳ್ಗನ್ನಡಕ್ಕೆ ಹೆಸರಿಸಿದ ಪುಲಿಗೆರೆ. ಅಲ್ಲಿನ ಶಾಸನದ ಅಕ್ಷರಗಳು ಹಿಡಿಯುವುದು ದನಿಯನ್ನೇ. 'ಮೂಗು' ಎಂದು ಕೆತ್ತಿದರೆ ಅದರಲ್ಲಿ ಹೊಳ್ಳೆ ಹುಡುಕಿದರೂ ಸಿಗದು.

ಹಳೆಯ ಚಿತ್ರ ತನ್ನ ಮೂಗುತನವನ್ನು ಪೂರ್ತಿ ಬಿಟ್ಟಿಲ್ಲ ಎಂಬುದೇ ನನಗೆ ಬಹಳ ಹಿಡಿಸಿದ್ದು. ಅದರ ಕೆಳಗೆ ಹೃದಯ ಬರೆದರೆ 'ಉಸಿರು'. ನಾಯಿ ಬರೆದರೆ ಹಿಂದೆ 'ವಾಸನೆ', ಈಗ 'ನಾತ'. ಹೊಲದ ಬದುವಿಗೆ ಮೂಗು ಹಚ್ಚಿ ಮೂಸುತ್ತ ಹೋಗುವ ನಾಯಿಯನ್ನು ಕಂಡಾಗಲೆಲ್ಲ ನನ್ನ ಕಣ್ಣಿಗೆ ಆ ಅಕ್ಷರವೇ ಕಾಣುತ್ತದೆ.